ದೊಡ್ಡ ಕೊಕ್ಕೆ

ಪ್ರಿಯಂವದಾ,

ನಿನಗೂ ಕಶ್ಯಪನಿಗೂ ಡೈವೋರ್ಸ್ ಆಗಿ ಎರಡು ವರ್ಷವಾಯಿತು. ನಿನ್ನ ಹೊಸ ವಿಳಾಸ ನನ್ನಲ್ಲಿಲ್ಲ, ಕೇಳುವ ಮುಖವೂ ಇಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ನಿನ್ನ ಈ ಅತ್ತೆ ನವಿ ಮುಂಬಯಿಯ ವಾಶಿಯಲ್ಲಿ ಮಣಿಸರ ಮಾಡುವ ಕ್ಲಾಸಿಗೆ ಸೇರಿದ್ದಾಳೆ. ನಗಬೇಡ. ಇವತ್ತು ಇಕ್ಕಳದಲ್ಲಿ ತಂತಿ ಬಗ್ಗಿಸಿ ಸರದ ಕೊಕ್ಕೆ ಮಾಡಲು ಕಲಿಸಿದರು. ನನ್ನದು ಎಲ್ಲರದ್ದಕ್ಕಿಂತ ನಾಜೂಕಾಗಿ, ಅಕ್ಕಿಕಾಳಿನಷ್ಟು ಚಿಕ್ಕದಾಗಿ ಬಂತು. ಹಾಕಿಕೊಳ್ಳಲು ಹೋದರೆ ಈ ಗಂಟುಕಟ್ಟಿದ ಬೆರಳುಗಳಿಗೆ ಅದನ್ನು ಸಿಕ್ಕಿಸಲು ಆಗಲೇ ಇಲ್ಲ. ಟೀಚರ್ ನೋಡಿ, "ಆಂಟಿ, ಆಪ್ ಕೇ ಲಿಯೇ ಬಡಾ ಹುಕ್ ಚಾಹಿಯೇ" ಎಂದಳು. ನನಗೆ ದೊಡ್ಡ ಕೊಕ್ಕೆಯೇ ಬೇಕಂತೆ.

ನನ್ನ ಅರವತ್ತಕ್ಕೆ ನೀನು ಮಾಡಿಕೊಟ್ಟ ಹಸಿರು ಮಣಿಯ ಸರ ಆಗ ನೆನಪಾಯಿತು. ನೆಂಟರೆದುರು ಅದರ ದೊಡ್ಡ ಕೊಕ್ಕೆಯನ್ನು ಎತ್ತಿ ಹಿಡಿದು, "ಇದೆಂಥದು ಮಾರಾಯ್ತಿ, ಬಾವಿಗೆ ಬಿದ್ದ ಕೊಡಪಾನ ಎತ್ತುವ ಕೊಕ್ಕೆಯಾ?" ಎಂದಿದ್ದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಮದುವೆಮನೆಗೆ ಹೊರಡುವಾಗಲೆಲ್ಲ ಬಾಗಿಲು ಹಾಕಿಕೊಂಡು ನನ್ನ ಚಿನ್ನದ ಸರ ಸಿಕ್ಕಿಸುತ್ತಿದ್ದವಳು ನೀನು. ಆದರೂ ಅವತ್ತು ನನ್ನ ಬೆರಳಿನ ಸುದ್ದಿ ಎತ್ತಲಿಲ್ಲ.

ಮನೆಗೆ ಬಂದವಳೇ ಕಪಾಟಿನಿಂದ ಆ ಸರ ತೆಗೆದು ಮೊದಲ ಸಲ ಹಾಕಿಕೊಂಡೆ. ಕನ್ನಡಿ ನೋಡದೆಯೇ ಕೊಕ್ಕೆ ಕೂತಿತು. ಆಫೀಸಿನಿಂದ ಬಂದ ಕಶ್ಯಪ, "ಹೊಸದಾ ಅಮ್ಮ?" ಎಂದ.

"ಅಲ್ಲ, ಹಳೆಯದು" ಎಂದೆ.

ಬಿಚ್ಚುವಾಗಲೂ ಯಾರನ್ನೂ ಕರೆಯಬೇಕಾಗಲಿಲ್ಲ.