ಎಡಗಣ್ಣು, ಬಲಗಣ್ಣು

ಭಾನುವಾರ, ಜುಲೈ ೧೨

ಪ್ರೀತಿಯ ಅಕ್ಕನಿಗೆ,

ನನ್ನ ಕೋಳಿ ಕೆದರಿದಂಥ ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿನ ಮೇಲೆ ಪೆನ್ನು ಹಿಡಿದವಳಲ್ಲ, ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ನಿನ್ನ ಮದುವೆಯಾದ ಮೇಲೆ ಇಷ್ಟು ದಿನ ಬರೆಯಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ.

ಹೊಸ ಮನೆ ಹೇಗಿದೆ? ನಿನ್ನವರು ಗೊರಕೆ ಹೊಡೆಯುತ್ತಾರಾ? ಇಲ್ಲಿ ಕಾರ್ಖಾನೆಯಲ್ಲಿ ಬಟ್ಟೆ ಅಂಗಡಿಗೆ ಹೋಗುವ ಗೊಂಬೆಗಳು ಈಗಲೂ ಬೋಳು ಮುಖ ಹೊತ್ತು ಸಾಲಾಗಿ ನಿಂತಿರುತ್ತವೆ. ನಾನು ಎಡಗಣ್ಣು ಬರೆದು ಪಕ್ಕಕ್ಕೆ ಸರಿಸುತ್ತೇನೆ. ನಿನ್ನ ಸ್ಟೂಲು ಖಾಲಿ. ನೀನು ಬರೆಯುತ್ತಿದ್ದ ಬಲಗಣ್ಣನ್ನು ಈಗ ಮೇಸ್ತ್ರಿಯೇ ಬರೆಯುತ್ತಾನೆ. ಒಂದೊಂದು ಗೊಂಬೆಯೂ ಯಾರ ಮೇಲೋ ಅನುಮಾನ ಬಂದವರ ಹಾಗೆ ನೋಡುತ್ತದೆ.

ಆ ದಿನದ ವಿಷಯ ನಿನ್ನನ್ನು ಬಿಟ್ಟು ಯಾರ ಹತ್ತಿರ ಹೇಳಲಿ? ನನ್ನ ಟೀಯಲ್ಲಿ ಯಾರೋ ಆ ಅಮಲಿನ ಅಣಬೆಯ ಪುಡಿ ಬೆರೆಸಿದ್ದರಲ್ಲ, ಆಗ ವ್ಯಾನ್ ಡ್ರೈವರ್ ತೆಗೆದ ವಿಡಿಯೋದ ತುಣುಕು ಎಲ್ಲರ ಮೊಬೈಲಿನಲ್ಲೂ ಇದೆ. ಪ್ಯಾಕಿಂಗ್ ಹುಡುಗಿಯರು, "ಏನೇ ಮೂಗಿ, ಇವತ್ತು ಒಳಗೆ ಯಾರಾದ್ರೂ ಇದ್ದೀರಾ, ಇಲ್ಲಾ ರಜೆನಾ?" ಎಂದು ಬಾಗಿಲು ತಟ್ಟಿದ ಹಾಗೆ ನನ್ನ ಹಣೆ ತಟ್ಟುತ್ತಾರೆ. ಮೇಸ್ತ್ರಿಗೆ ಹೇಳಿದರೆ, "ಸುಮ್ನಿರಮ್ಮ, ನಿನ್ನ ಬಾಯಿಂದ ಮಾತು ಬಂದಿದ್ದೇ ಅವತ್ತು. ಇನ್ನೊಂದ್ಸಲ ಕುಡಿಸ್ಬೇಕು" ಎಂದು ಹಲ್ಲು ಕಿರಿದ.

ನಿಜ ಹೇಳಲಾ? ಮೊದಲು ಹೆದರಿಕೆಯಾಯಿತು. ಗೊಂಬೆಗಳು ಉಸಿರಾಡಿದವು. ನನ್ನ ಕೈ ಎಲ್ಲಿ ಮುಗಿಯಿತು, ಗೊಂಬೆಯ ಕೆನ್ನೆ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಆಮೇಲೆ ಎಲ್ಲ ತಣ್ಣಗಾಯಿತು. ನಾಚಿಕೊಳ್ಳಲು ಒಳಗೆ ಯಾರೂ ಇರಲಿಲ್ಲ. ನಿನ್ನನ್ನು ತಬ್ಬಿಕೊಂಡು, "ಅಕ್ಕಾ, ನಾನು ಅಂತ ಯಾರೂ ಇಲ್ಲ, ಇರೋದೆಲ್ಲಾ ನೀನೇ, ಎಷ್ಟು ಚೆನ್ನಾಗಿದೆ" ಎಂದೆನಲ್ಲ, ಅದು ಬರೀ ಅಮಲಿನ ಮಾತಲ್ಲ. ಹುಟ್ಟಿದ ಮೇಲೆ ನಾನು ಸುಖವಾಗಿದ್ದುದು ಅಷ್ಟೇ ಹೊತ್ತು. ಅದನ್ನೇ ಅವರು ಊಟದ ಹೊತ್ತಿಗೆ ಹಾಕಿಕೊಂಡು ನಗುತ್ತಾರೆ.

ಬೆರೆಸಿದವರು ಯಾರೆಂದು ಗೊತ್ತಾದರೆ ಸಾಕು. ಜಗಳ ಆಡುವವಳಲ್ಲ ನಾನು. ಆದರೆ ಗೊತ್ತಾಗುವ ತನಕ ಯಾರು ಕೊಟ್ಟ ನೀರೂ ಗಂಟಲಲ್ಲಿ ಇಳಿಯುವುದಿಲ್ಲ. ಅವತ್ತು ಬಾಯಿ ತೊಳೆಸಿ ಮನೆ ತಲುಪಿಸಿದವಳು ನೀನೊಬ್ಬಳೇ. ಯಾರನ್ನಾದರೂ ಕಂಡಿದ್ದರೆ ಬರೆ.

ನಿನ್ನ ಹೊಟ್ಟೆಯಲ್ಲಿರುವ ಕೂಸು ನಿನ್ನ ಹಾಗೇ ಮಾತಿನಮಲ್ಲಿಯಾಗಲಿ. ಅದಕ್ಕೆ ಯಾರ ಕಣ್ಣೂ ತಾಗದಿರಲಿ.

ನಿನ್ನ ಎಡಗಣ್ಣು

ಸೋಮವಾರ ಸೇರಿಸಿದ್ದು: ಕಾಗದ ಇನ್ನೂ ಅಂಟಿಸಿರಲಿಲ್ಲ. ಬೆಳಿಗ್ಗೆ ಡ್ರೈವರ್, "ಮೂಗಿ, ಮೊದಲಿಂದ ನೋಡಿದ್ದೀಯಾ? ಮಜಾ ಇರೋದೇ ಅಲ್ಲಿ" ಎಂದು ಮೊಬೈಲ್ ಹಿಡಿದ. ಅದರಲ್ಲಿ ನನ್ನ ಟೀ ಲೋಟ ಕಲಕುತ್ತಿರುವುದು ನೀನು. "ತಡಿ, ಇನ್ನೊಂದು ಚಿಟಿಕೆ ಹಾಕ್ತೀನಿ. ಈ ಮೂಗಿ ಒಳಗೆ ಯಾರಾದ್ರೂ ಇದ್ದಾರಾ, ಇಲ್ಲಾ ಇದೂ ಗೊಂಬೆನಾ, ನೋಡೇ ಬಿಡೋಣ" ಎನ್ನುತ್ತೀ. ನಾನು ಒಳಗೆ ಬರುತ್ತೇನೆ. "ಬಾರೇ ಕಂದಾ, ಟೀ ಆರ್ತಿದೆ" ಎನ್ನುತ್ತೀ.

ಆಮೇಲೆ ನಿನ್ನ ಸ್ಟೂಲನ್ನು ಗೋಡೆಗೆ ಸರಿಸಿ, ಒಂದು ಗೊಂಬೆಗೆ ಬಲಗಣ್ಣನ್ನೂ ನಾನೇ ಬರೆದೆ.