ಅಟ್ಟದ ಮೇಲಿನ ಕಾಫಿ ಡಬ್ಬ

ಮಗಳ ಅಪ್ಪನಿಗೆ,

ನಾವಿಬ್ಬರೂ ನನ್ನ ಅಕ್ಕನ ಮನೆಯಲ್ಲಿದ್ದೇವೆ. ಕರೆಯಲು ಬರಬೇಡಿ.

ನೀವು ರೇಗಿದಾಗಲೆಲ್ಲ ನಿಮ್ಮಮ್ಮ, "ಅವನು ಅಂಥವನಲ್ಲ ಕಣಮ್ಮ, ಆ ಹಾಳು ಕಾಫಿ ಹಾಗೆ ಆಡಿಸುತ್ತೆ" ಅನ್ನುತ್ತಿದ್ದರು. ನಂಬಿದೆ. ಕಾಫಿ ಬಿಡಿಸಿ ಟೀ ಅಭ್ಯಾಸ ಮಾಡಿಸಿದೆ. ಮೊದಲ ವಾರ ತಲೆನೋವೆಂದಿರಿ, ನಿಮ್ಮ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಕೂತೆ. ಆಮೇಲೆ ನಿಮಗೆ ಒಳ್ಳೆಯ ನಿದ್ದೆ ಬಂತು, ಕೈನಡುಕವೂ ನಿಂತಿತು. ಮೊನ್ನೆ ಸಕ್ಕರೆ ಕಮ್ಮಿಯಾಯಿತೆಂದು ಟೀ ಲೋಟ ಬೀಸಿದಿರಲ್ಲ, ಆಗ ಆ ಕೈ ಒಂದಿಷ್ಟೂ ನಡುಗಲಿಲ್ಲ. ಗುರಿಯೂ ತಪ್ಪಲಿಲ್ಲ. ನನ್ನ ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ.

ಮಗಳ ಶಾಲೆಯ ಬೂಟು, ನನ್ನ ಕನ್ನಡಕ, ಎರಡನ್ನೂ ಭಾವನ ಕೈಯಲ್ಲಿ ಕಳಿಸಿ. ಕಾಫಿಪುಡಿಯ ಡಬ್ಬ ಅಟ್ಟದ ಮೇಲಿದೆ, ಇಳಿಸಿಕೊಂಡು ಧಾರಾಳವಾಗಿ ಕುಡಿಯಿರಿ. ಪಾಪ, ಇಷ್ಟು ವರ್ಷ ಅದನ್ನು ಸುಮ್ಮನೆ ಬೈದೆವು.

ಇಂತಿ,
ಅವಳ ಅಮ್ಮ