ಬಾಯಿ ಕಟ್ಟಿದ ಊರು, ಹದಿನಾಲ್ಕನೇ ನಂಬರ್

ಆಗಸ್ಟ್ 11, ಸೋಮವಾರ

ಕೇದಗೆ ಎಲೆ ಸೀಳಿದ್ದಾಯಿತು. ಚಾಪೆ ಇನ್ನೂ ಅರ್ಧಕ್ಕೆ ಬಂದಿಲ್ಲ. ನೂರನೆಯ ದಿನಕ್ಕೆ ನಮ್ಮ ಮನೆಯಿಂದ ಎರಡು ಚಾಪೆ ಕೊಡಬೇಕು. ಇವತ್ತಿಗೆ ಎಂಬತ್ತೊಂದು ದಿನ. ಊರಿನ ಮುಖ್ಯಸ್ಥ ದೊಡ್ಡ ರಾತು ತೀರಿಕೊಂಡಾಗಿನಿಂದ ನೂರು ದಿನ ಊರಲ್ಲಿ ಯಾರೂ ದನಿ ಎತ್ತುವಂತಿಲ್ಲ. ಹಾಡಿಲ್ಲ, ನಗಾರಿ ಇಲ್ಲ, ಹತ್ತಿರದ ನೀರಲ್ಲಿ ಮೀನು ಹಿಡಿಯುವಂತಿಲ್ಲ. ಮಕ್ಕಳೂ ಪಿಸುಪಿಸು. ನನಗೇನು ಕಷ್ಟ? ಊರೆಲ್ಲ ಈಗ ನನ್ನ ಹಾಗಾಗಿದೆ, ಅಷ್ಟೇ.

ಮಧ್ಯಾಹ್ನ ರಾಜಧಾನಿ ಸುವಾದಿಂದ ಫೋನ್. ತಮ್ಮ ಇಸಿರೇಲಿ ಫಿಜಿ ರಗ್ಬಿ ತಂಡಕ್ಕೆ ಆಯ್ಕೆ! ಪೆಸಿಫಿಕ್ ದೇಶಗಳ ಕಪ್. 23ನೇ ತಾರೀಖು, ಸಮೋವಾ ಎದುರು. ಅಂಚಿನಲ್ಲಿ ಓಡುವವನು, ಹದಿನಾಲ್ಕನೇ ನಂಬರ್.

ಅಜ್ಜಿಗೆ, ನಮ್ಮ ಬುಬುಗೆ, ಹೇಳಿದೆ. ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೂಗು ಒಳಗೇ ಉಳಿಯಿತು. ಕಾಣದ ಕಣ್ಣಿಂದ ನೀರು ಮಾತ್ರ ಬಂತು.

ಆಗಸ್ಟ್ 17, ಭಾನುವಾರ

ಚರ್ಚಿನ ನಂತರ ರುಪೇನಿ ತಾತ ಎಲ್ಲರನ್ನೂ ಕೂರಿಸಿದರು. ರಾತು ಮನೆತನದ ಪರವಾಗಿ ಊರಿಗೆ ಮಾತು ಹೇಳುವವರು ಅವರೇ. ಶನಿವಾರ ಸಭಾಮನೆಯಲ್ಲಿ ಟಿ.ವಿ. ಹಾಕಬಹುದು. ಆದರೆ ಟಿ.ವಿ.ಗೂ ದನಿ ಇರಬಾರದು, ನಮಗೂ ಇರಬಾರದು.

ಜೋಸೇವಾ ಮಾವ ಕೇಳಿದ, "ತಾತ, ಕೆಮ್ಮು ಬಂದ್ರೆ?"

"ನುಂಗು."

"ಸೀನು ಬಂದ್ರೆ?"

"ಸಮುದ್ರಕ್ಕೆ ಹೋಗಿ ಮುಳುಗಿ ಸೀನು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕೆವು. ನೂರನೆಯ ದಿನ ಸಂಜೆ ಮೌನ ಮುರಿಯುವ ಮೊದಲ ಕೂಗು ಬುಬುವಿನದು ಎಂದೂ ತಾತ ಹೇಳಿದರು. ಊರಿಗೆ ಹಿರಿಯಳು ಅವಳೇ ತಾನೆ.

ಬುಬು ಮನೆಗೆ ಬಂದ ಮೇಲೂ ಸಪ್ಪಗಿದ್ದಳು. ಕಣ್ಣು ಹೋದ ಮೇಲೆ ಅವಳು ಮ್ಯಾಚ್ ನೋಡುವುದು ಜನರ ಗದ್ದಲದಲ್ಲಿ. ಹೆಂಗಸರು ಕಿರುಚಿದರೆ ನಮ್ಮವನು ಓಡುತ್ತಿದ್ದಾನೆ. ಗಂಡಸರು ನರಳಿದರೆ ಚೆಂಡು ಹೋಯಿತು.

"ಈ ಸಲ ನಾನು ಹೆಂಗೆ ನೋಡ್ಲಿ, ಮೆರೆಸೇನಿ?"

ನಾನು ಚಾಪೆಯ ಎಲೆ ಸರಿಪಡಿಸಿದೆ.

"ನೀನು ಕಿವೀಲಿ ಹೇಳು."

ನಾನು! ಅಂಗಡಿಯಲ್ಲಿ ಸಕ್ಕರೆ ಕೇಳುವುದಕ್ಕೂ ಬೆರಳು ತೋರಿಸುವವಳು. ಆರನೇ ಕ್ಲಾಸಿನಲ್ಲಿ ಟೀಚರ್ ಪಾಠ ಓದು ಅಂದರೆ ಅಳುತ್ತಿದ್ದೆ. ಆ ವರ್ಷವೇ ಬುಬುವಿನ ಕಣ್ಣು ಹೋಯಿತು, ಅವಳ ಜೊತೆಗಿರಲು ಶಾಲೆ ಬಿಟ್ಟೆ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು.

ಆಗಸ್ಟ್ 23, ಶನಿವಾರ, ಸಂಜೆ

ಈಗಷ್ಟೇ ಮನೆಗೆ ಬಂದೆವು.

ಊರೆಲ್ಲ ಸಭಾಮನೆಯಲ್ಲಿ. ಬಾಯಿಬಿಡದ ಎಂಬತ್ತು ಜನ. ಜೋಸೇವಾ ಮಾವ ಟವೆಲನ್ನೇ ಬಾಯಿಗೆ ತುರುಕಿಕೊಂಡು ಕೂತಿದ್ದ. ನಾನು ಬುಬುವಿನ ಕಿವಿಗೆ ಬಾಯಿ ಇಟ್ಟು... ಮೊದಲು ಮಾತೇ ಬರಲಿಲ್ಲ. "ಚೆಂಡು ನಮ್ಮದು." "ಅವರದು." "ಬಿದ್ದರು." ಅಷ್ಟೇ. ಬುಬು ನನ್ನ ತೊಡೆ ಚಿವುಟಿದಳು. "ಯಾರು ಬಿದ್ದ್ರೇ?" ಆಮೇಲೆ ಹೇಗೋ ಹರಿಯಿತು.

ಕೊನೆಯ ನಿಮಿಷ. ಸಮೋವಾ 24, ನಾವು 21. ಚೆಂಡು ಇಸಿರೇಲಿ ಕೈಗೆ ಬಂತು. ಅಂಚಿನಲ್ಲೇ ಓಡಿದ. ಒಬ್ಬ, ಇಬ್ಬರು, ಮೂವರನ್ನು ದಾಟಿದ. ಮೂಲೆಯಲ್ಲಿ ಹಾರಿ ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದ. ಹಾಗೆ ಒತ್ತಿದರೆ ಟ್ರೈ, ಐದು ಅಂಕ.

"ಟ್ರೈ, ಬುಬು! ಟ್ರೈ ಹೊಡೆದ!"

ಬುಬು ನನ್ನ ಕೈಗೆ ಮುತ್ತಿಟ್ಟಳು. ಬಿಡಲೇ ಇಲ್ಲ.

ಅಷ್ಟರಲ್ಲಿ ರೆಫರಿ ಗಾಳಿಯಲ್ಲಿ ಚೌಕ ಬರೆದ, ವಿಡಿಯೋದಲ್ಲಿ ನೋಡಬೇಕು ಅಂತ. ಮತ್ತೆ ಮತ್ತೆ ತೋರಿಸಿದರು. ಚೆಂಡು ನೆಲ ಮುಟ್ಟುವ ಮೊದಲೇ ಎಡಗಾಲು ಪಕ್ಕದ ಗೆರೆಗೆ ತಾಗಿತ್ತು. ಟ್ರೈ ಇಲ್ಲ. ಮುಗಿಯಿತು.

ಯಾರೂ ನರಳಲಿಲ್ಲ. ನರಳುವಂತಿರಲಿಲ್ಲ. ಬುಬುಗೆ ಏನೂ ಕೇಳಲಿಲ್ಲ.

"ಗೆದ್ವಾ?" ಅಂದಳು.

"ಇಲ್ಲ ಬುಬು. ಅಂಕ ಸಾಲಲಿಲ್ಲ."

ಅಷ್ಟೇ ಹೇಳಿದೆ. ಅಂಕ ಎಷ್ಟೆಂದು ಅವಳಿಗೆ ಹೇಳಿರಲಿಲ್ಲ.

ಆಗಸ್ಟ್ 24, ಭಾನುವಾರ

ಜೋಸೇವಾ ಮಾವ ಬೆಳಿಗ್ಗೆ ಮರಗೆಣಸು ತಂದುಕೊಟ್ಟ. ಬುಬು ಅವನಿಗೂ ಹೇಳಿದಳು, "ಸೋತ್ರೆ ಸೋಲ್ಲಿ ಬಿಡೋ. ನನ್ನ ಮಗು ಗೆರೆ ದಾಟ್ತಲ್ಲ!" ಮಾವ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. "ಹೂಂ" ಅಂದು ಹೋದ.

ಇಸಿರೇಲಿ ಶನಿವಾರದ ದೋಣಿಗೆ ಬರುತ್ತಾನಂತೆ. ನೂರನೆಯ ದಿನವೇ.

"ಮೊದಲ ಕೂಗಲ್ಲಿ ಅದನ್ನೇ ಕೂಗ್ತೀನಿ," ಅಂದಳು ಬುಬು. "ನನ್ನ ಮೊಮ್ಮಗ ಫಿಜಿಗೆ ಟ್ರೈ ಹೊಡೆದ ಅಂತ. ಅವನ ಎದುರಿಗೇ."

ಇಡೀ ಊರಿನ ಮುಂದೆ. ಹೊಡೆಯದ ಟ್ರೈ.

ಆಗಸ್ಟ್ 29, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಸೋಮವಾರ ಹೇಳೋಣ ಅಂದುಕೊಂಡೆ. ಬುಧವಾರ ಬಾಯಿ ತೆರೆದೆ, "ಸೌದೆ ಮುಗೀತು" ಅಂದೆ. ಚಾಪೆಯ ಒಂದು ಮೂಲೆ ತಪ್ಪಿತ್ತು. ಬುಬು ಬೆರಳಾಡಿಸಿ ಹಿಡಿದಳು, ಬಿಚ್ಚಿಸಿದಳು. "ಇಲ್ಲಿ ಸರಿಯಿಲ್ಲ ನೋಡು. ನಿನ್ನ ಮನಸ್ಸು ಎಲ್ಲಿದೆ?"

ನಾಳೆ.

ಆಗಸ್ಟ್ 30, ಶನಿವಾರ, ಬೆಳಿಗ್ಗೆ 9

ಹೇಳಿದೆ. ತಲೆ ಬಾಚುತ್ತಾ, ಅವಳ ಬೆನ್ನ ಹಿಂದೆ ನಿಂತು.

ಬುಬು ಕೈ ಹಿಂದೆ ಚಾಚಿ ಬಾಚಣಿಗೆ ತಡೆದಳು.

"ನಿನ್ನ ಕಣ್ಣು ನಂಬಿದ್ದೆ ನಾನು," ಅಂದಳು.

"ತಪ್ಪಾಯ್ತು ಬುಬು. ನೀನು ಕೈಗೆ ಮುತ್ತಿಟ್ಟೆಯಲ್ಲ... ಆಮೇಲೆ ಬಾಯೇ ಬರಲಿಲ್ಲ."

ಬಾಚಣಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಕಾಲು ಎಷ್ಟು ತಾಗಿತ್ತು?"

"ಬೆರಳಷ್ಟು."

"ಟ್ರೈ ಇಲ್ಲ ಅಂದಾಗ ಅವನೇನು ಮಾಡ್ದ? ಬೈದನಾ?"

"ಇಲ್ಲ. ಎದ್ದ. ಚೆಂಡು ತಗೊಂಡು ಹೋಗಿ ರೆಫರಿ ಕೈಗೆ ಕೊಟ್ಟ. ತಲೆ ತಗ್ಗಿಸಲಿಲ್ಲ. ಆಮೇಲೆ ಸಮೋವಾದ ಹುಡುಗ ಒಬ್ಬ ನೆಲದಲ್ಲಿ ಬಿದ್ದಿದ್ದ, ಅವನನ್ನ ಎಬ್ಬಿಸ್ದ."

ಬುಬು ತಿರುಗಿದಳು. "ಇಷ್ಟೆಲ್ಲ ನೋಡಿಯೂ ನನಗೆ ಹೇಳ್ಲಿಲ್ವಲ್ಲೇ, ಕಳ್ಳಿ! ಟ್ರೈ ಯಾರು ಬೇಕಾದ್ರೂ ಹೊಡೀತಾರೆ."

ಆಮೇಲೆ ಅಂದಳು, "ಇವತ್ತು ಮೊದಲ ಕೂಗು ನಿಂದು. ಇದನ್ನೇ ಕೂಗು. ರುಪೇನಿಗೆ ನಾನು ಹೇಳ್ತೀನಿ."

"ಬುಬು, ನನ್ನ ಕೈಲಾಗಲ್ಲ."

"ಊರು ನೂರು ದಿನ ಸುಮ್ಮನಿತ್ತು. ನೀನು ಇಪ್ಪತ್ತೆರಡು ವರ್ಷ. ಸಾಕು."

ಅದೇ ದಿನ, ಸಂಜೆ 4.40

ಚಾಪೆ ಹಾಸಿದ್ದಾಯಿತು. ದೋಣಿ ಬಂತು. ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಇಸಿರೇಲಿ ಮೊಣಕಾಲುದ್ದ ನೀರಿಗಿಳಿದ, ಚೀಲ ತಲೆ ಮೇಲೆ. ಯಾರ ಮುಖವನ್ನೂ ನೋಡುತ್ತಿಲ್ಲ. ನೆಲ ನೋಡಿಕೊಂಡು ಬರುತ್ತಿದ್ದಾನೆ, ನನ್ನ ಹಾಗೆ.

ನಗಾರಿಯ ಹತ್ತಿರ ಎಲ್ಲರೂ ಸೇರಿದ್ದಾರೆ. ಬುಬು ಪಿಸುದನಿಯಲ್ಲಿ ಕರೆಯುತ್ತಿದ್ದಾಳೆ. ಒಂದು ಲೋಟ ನೀರು ಕುಡಿದು ಹೊರಟೆ. ಅವನು ತಲೆ ತಗ್ಗಿಸಲಿಲ್ಲ ಅಂತ ಕೂಗಬೇಕು.